ಕೆಂಪು ಶಾಯಿಯ ಮೂವರು ಜೋಯಿಸರು

ಪಾದ್ರಿಗಳ ಬೆರಳು ಆ ಸಾಲಿನ ಮೇಲಿತ್ತು. ಯಜಮಾನರ ಕಣ್ಣು ಬೆರಳಿನ ಮೇಲಿತ್ತು. ಸಾಲಿನಲ್ಲಿ ಏನಿದೆ ಎಂದು ಓದುವ ಧೈರ್ಯ ಮಾತ್ರ ಅವರಿಗಿನ್ನೂ ಬಂದಿರಲಿಲ್ಲ. ಅಚ್ಚುಕೂಟ ನಡೆಸುವವರ ಹಣೆಬರಹವೇ ಅಷ್ಟು. ಕೆಲಸ ಕೊಟ್ಟವರು ಬಂದು ಹಾಳೆಯ ಮೇಲೆ ಬೆರಳಿಟ್ಟರೆಂದರೆ ಆ ಬೆರಳಿನ ಕೆಳಗೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ಓದಿ,” ಎಂದರು ಪಾದ್ರಿಗಳು.

ಯಜಮಾನರು ಓದಿದರು. ‘ಆಗ ಮೂಡಣ ನಾಡಿನಿಂದ ಮೂವರು ಜೋಯಿಸರು ಪಟ್ಟಣಕ್ಕೆ ಬಂದರು.’ ಅಕ್ಷರ ಒಂದೊಂದೂ ಕಡಲೆಕಾಳಿನಷ್ಟು ದಪ್ಪ. ದೃಷ್ಟಿ ಮಂದವಾದ ಮುದುಕರು ಯಾರ ಹಂಗೂ ಇಲ್ಲದೆ ತಾವೇ ಓದಿಕೊಳ್ಳಲಿ ಎಂದು ಮಾಡಿಸುತ್ತಿದ್ದ ದೊಡ್ಡಕ್ಷರದ ಧರ್ಮಗ್ರಂಥ ಅದು. ನಾನೂರು ಪುಟದಲ್ಲಿ ಮೊದಲ ಅರವತ್ತನಾಲ್ಕು ಅಚ್ಚಾಗಿದ್ದವು.

“ಚೆನ್ನಾಗೇ ಬಂದಿದೆಯಲ್ಲ ಫಾದರ್? ಶಾಯಿ ಎಲ್ಲೂ ಒಡೆದಿಲ್ಲ.”

“ಶಾಯಿ ವಿಚಾರ ಯಾರು ಕೇಳಿದ್ರು? ಮೂವರು ಅಂತ ಸೇರಿಸಿದ್ದು ಯಾರು?”

“ಮೂವರೇ ಅಲ್ವಾ?” ಎಂದುಬಿಟ್ಟರು ಯಜಮಾನರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಬಾಗಿಲ ಬಳಿ ನಿಂತಿದ್ದ ತಿದ್ದೋ ಅಕ್ಕನಿಗೂ ಅದೇ ಪ್ರಶ್ನೆ ಬಾಯಿತುದಿಗೆ ಬಂದಿತ್ತು. ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವಳು ಅವಳು. ಹಾಗಾಗಿ ಯಜಮಾನರಿಂದ ಹಿಡಿದು ಹಾಳೆ ಮಡಚುವ ಹೆಂಗಸರವರೆಗೆ ಎಲ್ಲರ ಬಾಯಲ್ಲೂ ಅವಳು ತಿದ್ದೋ ಅಕ್ಕ. ತನ್ನ ನಲವತ್ತಾರು ವರ್ಷದಲ್ಲಿ, ಹುಟ್ಟಿದ ದೇವಮಗುವನ್ನು ನೋಡಲು ಜೋಯಿಸರು ನಕ್ಷತ್ರದ ಜಾಡು ಹಿಡಿದು ಬಂದ ಆ ಕಥೆಯನ್ನು ಎಷ್ಟು ಸಲ ಕೇಳಿದ್ದಳೋ ಏನೋ, ಒಂದು ಸಲವೂ ಅವರು ಮೂವರಿಗಿಂತ ಹೆಚ್ಚೂ ಬಂದಿರಲಿಲ್ಲ, ಕಡಿಮೆಯೂ ಬಂದಿರಲಿಲ್ಲ.

ಪಾದ್ರಿಗಳು ಕುರ್ಚಿ ಎಳೆದುಕೊಂಡು ಕೂತರು. ದನಿ ಏರಿಸಲಿಲ್ಲ. ಏರಿಸಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

“ಗ್ರಂಥದಲ್ಲಿ ಎಷ್ಟು ಜನ ಅಂತ ಇಲ್ಲ. ಜೋಯಿಸರು ಬಂದ್ರು ಅಂತ ಇದೆ, ಅಷ್ಟೇ. ಇಬ್ಬರಿದ್ರೋ, ಹನ್ನೆರಡು ಜನ ಇದ್ರೋ, ಯಾರಿಗೂ ಗೊತ್ತಿಲ್ಲ. ಕಾಣಿಕೆ ಮೂರು ಕೊಟ್ರು — ಚಿನ್ನ, ಧೂಪ, ಸುಗಂಧದ ಅಂಟು. ಕಾಣಿಕೆ ಮೂರು ಇದ್ದದ್ದಕ್ಕೆ ಜನ ಆಳನ್ನೂ ಮೂರು ಮಾಡಿದ್ರು. ಆಮೇಲೆ ತಲೆಗೆ ಕಿರೀಟ ಇಟ್ಟು ರಾಜರು ಅಂದ್ರು, ಕೂರೋಕೆ ಒಂಟೆ ಕೊಟ್ರು, ನಾಮಕರಣಾನೂ ಮಾಡಿದ್ರು. ನಾಟಕದಲ್ಲಿ ಇರ್ಲಿ, ಹಾಡಲ್ಲಿ ಇರ್ಲಿ, ನನ್ನ ತಕರಾರಿಲ್ಲ. ಆದ್ರೆ ಇದು ಗ್ರಂಥ. ಇದಕ್ಕೆ ಒಂದು ಪದ ಸೇರಿಸೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.”

“ಕೊನೇ ಪ್ರೂಫ್ ತಮಗೂ ಕಳಿಸಿದ್ವಿ...” ಎಂದು ಯಜಮಾನರು ಗೊಣಗಿದರು.

“ಕಳಿಸಿದ್ರಿ. ಓದಿದೆ. ನನ್ನ ಕಣ್ಣಿಗೂ ಬೀಳ್ಲಿಲ್ಲ. ಅಭ್ಯಾಸದ ಮಾತು ಕಣ್ಣಿಗೆ ಮಣ್ಣೆರಚುತ್ತೆ. ನಮ್ಮ ಹಿರಿಯಮ್ಮ ಒಬ್ಬರು ಈ ಹಾಳೆ ಕೈಗೆ ಸಿಕ್ಕ ಖುಷಿಗೆ ಅಕ್ಷರ ಅಕ್ಷರ ಕೂಡಿಸಿ ಓದಿ, ‘ಫಾದರ್, ಇದು ಯಾವಾಗಿಂದ?’ ಅಂತ ಕೇಳಿದ್ರು. ಅದಕ್ಕೇ ನನಗೆ ಭಯ.” ಅವರು ಎದ್ದು ನಿಂತರು. “ನಾಲ್ಕು ಗಂಟೆಗೆ ಚರ್ಚಿನ ಸಮಿತಿಯವರನ್ನ ಕರ್ಕೊಂಡು ಬರ್ತೀನಿ. ಯಾರು ಸೇರಿಸಿದ್ರು, ಹೇಗೆ ಸೇರ್ತು, ಗೊತ್ತಾಗಬೇಕು. ಗೊತ್ತಾಗದೆ ಉಳಿದ ಪುಟಗಳನ್ನ ನಾನು ಹೇಗೆ ನಂಬ್ಲಿ?”

ಅವರು ಹೋದ ಮೇಲೆ ಯಜಮಾನರು ಮೆಷಿನ್ ನಿಲ್ಲಿಸಿದರು. ದಿನವಿಡೀ ಧಡಧಡ ಎನ್ನುವ ಜಾಗದಲ್ಲಿ ಇದ್ದಕ್ಕಿದ್ದಂತೆ ಸದ್ದು ನಿಂತರೆ ಮನುಷ್ಯರಿಗೆ ತಮ್ಮ ಉಸಿರೇ ದೊಡ್ಡದಾಗಿ ಕೇಳುತ್ತದೆ. ಹಾಳೆ ಮಡಚುತ್ತಿದ್ದ ಹೆಂಗಸರು ತಲೆ ಎತ್ತಿದರು. ಯಜಮಾನರ ಕೋಪ ಒಂದು ಸುತ್ತು ತಿರುಗಿ, ಅಕ್ಷರ ಕೂಡಿಸುವ ಕಂಪ್ಯೂಟರಿನ ಮುಂದೆ ಕೂತಿದ್ದವನ ಮೇಲೆ ಹೋಗಿ ಬಿತ್ತು.

ಅವನ ಹೆಸರು ಏನೇ ಇರಲಿ, ಎಲ್ಲರೂ ಕರೆಯುವುದು ಗುಮ್ಮಣ್ಣ ಎಂದು. ಮಾತು ಅಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ.

“ನೀನೇ ತಾನೇ ಕೂಡಿಸಿದ್ದು? ಮೂವರು ಅಂತ ನಿನಗೆ ಯಾರಪ್ಪ ಹೇಳಿದ್ದು? ಮೂಲದಲ್ಲಿ ಏನಿದೆಯೋ ಅದನ್ನ ಹೊಡೆಯೋಕೆ ಏನು ಬೇನೆ ನಿನಗೆ?”

ಗುಮ್ಮಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

“ನಾಲ್ಕು ಗಂಟೆಗೆ ಅವರ ಮುಂದೆ ನಿಂತು ತಪ್ಪಾಯ್ತು ಅನ್ನು. ಆ ಹಾಳೆ ಕತ್ತರಿಸಿ ಹೊಸದು ಅಂಟಿಸಿದ್ರೆ ಮುಗೀತು. ಇಲ್ಲ ಅಂದ್ರೆ ನಾಳೆಯಿಂದ ಬರಬೇಡ.” ಯಜಮಾನರು ತಿರುಗಿದರು. “ಅಕ್ಕ, ಆ ಪುಟದ ಮೊದಲನೇ ಪ್ರೂಫ್ ಹುಡುಕಿ ತೆಗೆದಿಡಿ. ಇವನ ಕೈಚಳಕ ಅವರಿಗೂ ಕಾಣ್ಲಿ.”

ಪ್ರೂಫ್ ಕಟ್ಟುಗಳಿದ್ದದ್ದು ಓದುವ ಕೋಣೆಯ ಹೊರಗಿನ ಕಬ್ಬಿಣದ ಬೀರುವಿನಲ್ಲಿ. ಅಕ್ಕ ಕಟ್ಟು ಬಿಚ್ಚಿದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಗುಮ್ಮಣ್ಣನ ತಪ್ಪು ಸಿಕ್ಕರೆ ಅವನ ಪರ ಎರಡು ಮಾತು ಹೇಗೆ ಆಡುವುದು ಎಂದು ಲೆಕ್ಕ ಹಾಕುತ್ತಲೇ ಪುಟ ಎತ್ತಿ ಬೆಳಕಿಗೆ ಹಿಡಿದಳು.

ಗುಮ್ಮಣ್ಣ ಸರಿಯಾಗಿಯೇ ಕೂಡಿಸಿದ್ದ. ‘ಆಗ ಮೂಡಣ ನಾಡಿನಿಂದ ಜೋಯಿಸರು ಪಟ್ಟಣಕ್ಕೆ ಬಂದರು.’ ‘ಜೋಯಿಸರು’ ಎಂಬುದಕ್ಕೆ ಮೊದಲು ಒಂದು ಪುಟ್ಟ ಕೆಂಪು ಗೀಟು, ಗೀಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಮೂವರು’. ಮುದ್ದಾದ ದುಂಡಕ್ಷರ. ಈ ಅಚ್ಚುಕೂಟದಲ್ಲಿ ಆ ಅಕ್ಷರ ಒಬ್ಬಳದ್ದೇ.

ಅವಳು ಹಾಳೆಯನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದಳು.

ಅವಳು ಯಾಕೆ ಹಾಗೆ ಬರೆದಳು ಎಂಬುದು ತಿಳಿಯಬೇಕಾದರೆ ಅವರ ಕೆಲಸದ ರೀತಿ ತಿಳಿಯಬೇಕು. ಅಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಕಿವಿಯನ್ನು ಆ ದನಿಗೆ ಕೊಟ್ಟು, ಕಣ್ಣನ್ನು ಹೊಸ ಪುಟದ ಮೇಲಿಟ್ಟು, ಎರಡೂ ಹೊಂದದ ಕಡೆ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ತಿದ್ದುವವರು ಮೂಲಪ್ರತಿಯತ್ತ ಕತ್ತು ತಿರುಗಿಸುವಂತಿಲ್ಲ. ಓದುವವರ ಬಾಯಲ್ಲಿ ಬಂದದ್ದೇ ಮೂಲ. ನಲವತ್ತು ವರ್ಷದಿಂದ ಅಲ್ಲಿ ಓದುತ್ತಿದ್ದವಳು ಓದೋ ಅಮ್ಮ, ಅಂದರೆ ತಿದ್ದೋ ಅಕ್ಕನ ಹೆತ್ತ ತಾಯಿ. ಅವಳ ಓದು ಅಂದರೆ ಓದು. ಅರ್ಧವಿರಾಮ ಬಂದರೆ ಅರ್ಧ ಉಸಿರು, ಪೂರ್ಣವಿರಾಮಕ್ಕೆ ಮೇಜಿನ ಮೇಲೆ ಒಂದು ಬೆರಳ ತಟ್ಟು. ಮೆಷಿನ್ ಸದ್ದಿನ ಮೇಲೂ ಅವಳ ದನಿ ಕೇಳುತ್ತಿತ್ತು. ಮಗಳಿಗೆ ಕೆಲಸ ಕಲಿಸಿದವಳೂ ಅವಳೇ, ಗುಮ್ಮಣ್ಣನಿಗೆ ಒತ್ತಕ್ಷರ ದೀರ್ಘ ಕಲಿಸಿ ಮನುಷ್ಯನನ್ನಾಗಿ ಮಾಡಿದವಳೂ ಅವಳೇ.

ಅಂದರೆ ಅಮ್ಮ ‘ಮೂವರು’ ಎಂದು ಓದಿದ್ದಳು.

ಇರಲಿ, ಎಪ್ಪತ್ತೊಂದು ವರ್ಷದ ಜೀವ, ಬಾಯಿ ತಪ್ಪಿರಬಹುದು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮುಗಿಯುವ ಮೊದಲೇ ಅದೇ ಪುಟದ ಕೆಳಗೆ ಇನ್ನೊಂದು ಕೆಂಪು ಕಂಡಿತು. ಜೋಯಿಸರು ‘ಮನೆಯೊಳಗೆ ಹೋಗಿ’ ಮಗುವನ್ನು ಕಂಡರು ಎಂದು ಗುಮ್ಮಣ್ಣ ಕೂಡಿಸಿದ್ದ. ‘ಮನೆ’ಯನ್ನು ಹೊಡೆದುಹಾಕಿ ಅವಳದೇ ಕೈ ‘ಕೊಟ್ಟಿಗೆ’ ಎಂದು ತಿದ್ದಿತ್ತು. ಅವಳು ಬೀರುವಿನ ಮೇಲಿಂದ ಮೂಲಪ್ರತಿ ಇಳಿಸಿದಳು. ಇರುವೆಯಂಥ ಅಕ್ಷರದ ಹಳೆಯ ಪುಸ್ತಕ. ಪುಟ ತೆಗೆದಳು. ಮನೆ. ಮನೆಯೇ. ಕೊಟ್ಟಿಗೆಯ ಸುಳಿವೂ ಆ ಅಧ್ಯಾಯದಲ್ಲಿರಲಿಲ್ಲ.

ಒಂದು ತಪ್ಪು ಬಾಯಿ ತಪ್ಪಿ ಬರುತ್ತದೆ. ಮನೆ ಕೊಟ್ಟಿಗೆಯಾಗುವುದು ಬಾಯಿ ತಪ್ಪಿ ಅಲ್ಲ. ಅಮ್ಮ ಪುಸ್ತಕ ನೋಡಿ ಓದಿರಲೇ ಇಲ್ಲ. ಇದೇ ಗ್ರಂಥವನ್ನು ಅಮ್ಮ ಹಿಂದೆ ಮೂರು ಮುದ್ರಣಕ್ಕೆ ಓದಿದ್ದಳು, ಬಹುಪಾಲು ಬಾಯಿಪಾಠ. ಬಾಯಿಪಾಠ ಇದ್ದ ಕಡೆ ಸರಿ. ಇಲ್ಲದ ಕಡೆ?

ಹಿಂದೆ ಹೆಜ್ಜೆ ಸದ್ದಾಯಿತು. ಗುಮ್ಮಣ್ಣ.

“ಸಿಕ್ತಾ?” ಎಂದ ಮೆಲ್ಲಗೆ.

“ನಿನಗೆ ಗೊತ್ತಿತ್ತು.”

ಅವನು ನೆಲ ನೋಡಿದ. “ಕೆಂಪು ಶಾಯಿ ನೋಡಿ ತಿದ್ದಿದವನು ನಾನೇ ಅಲ್ವಾ ಅಕ್ಕ. ನಾನೂ ಮೂವರೇ ಅನ್ಕೊಂಡೆ. ಆದ್ರೆ...” ಅವನಿಗೆ ಇದೇ ಹೆಚ್ಚಿನ ಮಾತು. “ಹೋದ ತಿಂಗಳು ಅಮ್ಮ ಚಹಾನ ಲೋಟದ ಆಚೆ ಬಗ್ಗಿಸಿದ್ರು. ಮೇಜಿನ ಮೇಲೆ. ಒರೆಸಿಬಿಟ್ಟೆ.”

“ನನಗ್ಯಾಕೆ ಹೇಳ್ಲಿಲ್ಲ?”

“ನನ್ನ ಹೆಸರೇ ಇರ್ಲಿ ಬಿಡಿ. ನಾನು ಎಲ್ಲಾದ್ರೂ ಬದುಕ್ಕೋತೀನಿ. ಅಮ್ಮನಿಗೆ ಈ ಕೋಣೆ ಬಿಟ್ರೆ ಏನಿದೆ?” ಎಂದು ಹೇಳಿ ಅವನು ಸದ್ದಿಲ್ಲದೆ ಹೋದ.

ಗೋಡೆ ಗಡಿಯಾರದಲ್ಲಿ ಎರಡೂ ಇಪ್ಪತ್ತು.

ಓದುವ ಕೋಣೆ ಎಂದರೆ ಗಾಜಿನ ತಡಿಕೆ ಹಾಕಿದ ಒಂದು ಮೂಲೆ. ಎರಡು ಕುರ್ಚಿ, ಒಂದು ಮೇಜು, ಹಿತ್ತಲ ಕಡೆಗೊಂದು ಕಿಟಕಿ. ಅಮ್ಮನ ಕುರ್ಚಿಯ ದಿಂಬು ಸವೆದು ಅವಳ ಆಕಾರಕ್ಕೇ ಬಂದುಬಿಟ್ಟಿತ್ತು. ಮೆಷಿನ್ ನಿಂತದ್ದರಿಂದ ಅಮ್ಮ ಕೈ ಕಟ್ಟಿ ಕೂತಿದ್ದಳು.

“ಯಾಕೆ ಎಲ್ಲ ಸ್ತಬ್ಧ? ಕರೆಂಟು ಹೋಯ್ತಾ?”

“ಒಂದು ಪುಟ ಇನ್ನೊಂದು ಸಲ ನೋಡಬೇಕಂತೆ, ಅಮ್ಮ. ಜೋಯಿಸರದ್ದು. ಓದು.”

ಮೂಲಪ್ರತಿಯನ್ನು ತೆರೆದು ತಾಯಿಯ ಕೈಗಿಡುವಾಗ ಅಕ್ಕ ಅದನ್ನು ತಲೆಕೆಳಗು ಮಾಡಿ ಇಟ್ಟಳು. ಇಂಥ ಕೆಟ್ಟ ಕೆಲಸವನ್ನು ಅವಳು ಹುಟ್ಟಿದ ಮೇಲೆ ಮಾಡಿರಲಿಲ್ಲ. ಅಮ್ಮ ನೋಡಲಿ, ‘ಏನೇ ಇದು, ಬುದ್ಧಿ ನೆಟ್ಟಗಿದೆಯಾ?’ ಎಂದು ಬೈಯಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಅಮ್ಮ ಕನ್ನಡಕ ಏರಿಸಿದಳು, ಗಂಟಲು ಸರಿಮಾಡಿಕೊಂಡಳು, ತಲೆಕೆಳಗಾದ ಪುಟದ ಮೇಲೆ ಬೆರಳಿಟ್ಟಳು.

“ಆಗ ಮೂಡಣ ನಾಡಿನಿಂದ ಮೂವರು ಜೋಯಿಸರು ಪಟ್ಟಣಕ್ಕೆ ಬಂದರು,” ಎಂದು ಓದಿದಳು. ಮೇಜಿಗೊಂದು ಬೆರಳ ತಟ್ಟು. ಆ ನಕ್ಷತ್ರ, ಅದನ್ನು ಕಂಡು ಅವರಿಗಾದ ಸಂತೋಷ, ದೊರೆಯ ಕಪಟ, ಎಲ್ಲ ಒಂದೊಂದಾಗಿ ಬಂದವು. ದನಿಯಲ್ಲಿ ಒಂದು ಎಳೆ ಬಿರುಕಿಲ್ಲ. ಬೆರಳು ತಲೆಕೆಳಗಾದ ಸಾಲುಗಳ ಮೇಲೆ ಎಡದಿಂದ ಬಲಕ್ಕೆ ಗಂಭೀರವಾಗಿ ಸಾಗುತ್ತಿತ್ತು. “ಅವರು ಕೊಟ್ಟಿಗೆಯೊಳಗೆ ಹೋಗಿ...”

ಮಗಳ ಬಿಕ್ಕು ಕೇಳಿ ಬೆರಳು ನಿಂತಿತು.

“ಯಾಕೆ? ಏನಾಯ್ತು?”

“ಪುಸ್ತಕ ತಲೆಕೆಳಗಿದೆ, ಅಮ್ಮ.”

ಅಮ್ಮ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟಳು.

“ಯಾವಾಗಿಂದ?” ಎಂದಳು ಮಗಳು.

“ವರ್ಷ ಆಯ್ತು. ಕಣ್ಣ ನಡುವೆ ಮಂಜು ಕವಿದ ಹಾಗೆ. ನಿನ್ನ ಮುಖ ನೋಡಿದ್ರೆ ಮುಖ ಇರಲ್ಲ, ಸುತ್ತ ಕೂದಲು ಇರುತ್ತೆ. ಓರೆಗಣ್ಣಲ್ಲಿ ನೋಡಿದ್ರೆ ಒಂಚೂರು ಕಾಣುತ್ತೆ.” ಅಮ್ಮ ಕನ್ನಡಕ ತೆಗೆದಳು. “ಡಾಕ್ಟರ್ ಹತ್ರ ನಾನೊಬ್ಬಳೇ ಹೋಗಿದ್ದೆ. ಮತ್ತೆ ಸರಿಹೋಗಲ್ಲ ಅಂದ್ರು. ಹೇಳಿದ್ರೆ ಮನೇಲಿ ಕೂರಿಸ್ತೀಯ ಅಂತ ಗೊತ್ತಿತ್ತು. ಚಿಕ್ಕಪುಟ್ಟ ಕೆಲಸ ನೀನೊಬ್ಬಳೇ ನೋಡ್ಕೋತಿದ್ದೆ. ಓದೋಕೆ ಅಂತ ಬಂದದ್ದು ಇದೊಂದೇ ಪುಸ್ತಕ. ಇದು ನನಗೆ ನೀರು ಕುಡಿದಷ್ಟು ಸುಲಭ ಕಣೇ. ಒಂದು ಪದ ತಪ್ಪಿಲ್ಲ.”

“ತಪ್ಪಿದೆ. ಮೂವರು ಅಂತ ಪುಸ್ತಕದಲ್ಲಿಲ್ಲ.”

“ಏನಂದೆ?”

“ಎಷ್ಟು ಜನ ಅಂತಾನೇ ಇಲ್ಲ. ಕೊಟ್ಟಿಗೆಯೂ ಇಲ್ಲ. ಮನೆ ಅಂತಿದೆ.”

“ಬಿಡ್ತು ಅನ್ನು,” ಎಂದಳು ಅಮ್ಮ. ಕಣ್ಣಿನ ವಿಷಯ ಹೊರಬಿದ್ದಾಗ ಆಗದ ಗಾಬರಿ ಈಗ ಅವಳ ಮುಖದಲ್ಲಿತ್ತು. “ಮೂವರು ಇಲ್ಲ ಅಂದ್ರೆ? ನಾನೇ ಆಗಿದ್ದೆ ಅಲ್ವೇನೇ, ಎಂಟು ವರ್ಷದವಳಿದ್ದಾಗ, ಹಬ್ಬದ ನಾಟಕದಲ್ಲಿ ಮೂರನೇ ರಾಜ! ರಟ್ಟಿನ ಕಿರೀಟ. ಕೈಯಲ್ಲಿ ಕಾಣಿಕೆ ಡಬ್ಬ. ಕೊಟ್ಟಿಗೆ ಬಾಗಿಲು ಗಿಡ್ಡ ಇತ್ತು, ಬಗ್ಗಿದಾಗ ಕಿರೀಟ ಬಿದ್ದು ಎಲ್ಲರೂ ನಕ್ಕರು. ಮೊದಲನೆಯವನು ಯಾರು, ಎರಡನೆಯವನು ಯಾರು, ಈಗಲೂ ಹೇಳ್ತೀನಿ ಕೇಳು.”

ಅಕ್ಕನಿಗೆ ನಗು ಬಂತು, ಅಳುವೂ ಬಂತು. ಎಲ್ಲ ಅಧ್ಯಾಯಗಳನ್ನೂ ಅಮ್ಮ ಕಣ್ಣಿನಿಂದ ಓದಿ ಕಲಿತಿದ್ದಳು. ಇದೊಂದನ್ನು ಮಾತ್ರ ಎಂಟನೇ ವಯಸ್ಸಿನಲ್ಲೇ ಕಲಿತು ಮುಗಿಸಿಬಿಟ್ಟಿದ್ದಳು. ಆಮೇಲೆ ಮೂರು ಮುದ್ರಣಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದರೂ, ಕಣ್ಣು ಹೋದ ಕೂಡಲೇ ರಟ್ಟಿನ ಕಿರೀಟ ಎದ್ದು ಬಂದಿತ್ತು.

“ಈ ಪುಟಾನ ಯಾರು ಹಿಡಿದ್ರು?” ಅಮ್ಮನ ದನಿ ಸಣ್ಣಗಾಗಿತ್ತು.

“ಪಾದ್ರಿಗಳು. ನಾಲ್ಕಕ್ಕೆ ಬರ್ತಾರೆ. ಯಜಮಾನರು ಗುಮ್ಮಣ್ಣನ ತಲೆಗೆ ಕಟ್ಟಿದ್ದಾರೆ. ಅವನು ಬಾಯಿ ಬಿಡ್ತಿಲ್ಲ.”

ಅಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಾಡಿ ಮಗಳ ಮೊಣಕೈ ಹಿಡಿದಳು. ಬಿಗಿಯಾಗಿಯೇ ಹಿಡಿದಳು.

“ಅವನ ಮೇಲೆ ಬರೋದು ಬೇಡ. ನಿನ್ನ ಕೈತಪ್ಪು ಅಂದುಬಿಡು. ನಿನ್ನನ್ನ ಯಾರೂ ಕೆಲಸ ಬಿಡಿಸಲ್ಲ. ಈ ಪುಟ ತಿದ್ದಿಸು. ನನ್ನ ಕಣ್ಣಿನ ಸುದ್ದಿ ಮಾತ್ರ ಎತ್ತಬೇಡ. ಈ ಪುಸ್ತಕ ಮುಗೀಲಿ, ನಾನೇ ಸಾಕು ಅಂತ ಎದ್ದು ಹೋಗ್ತೀನಿ. ನಲವತ್ತು ವರ್ಷ ಓದಿದವಳನ್ನ ಕುರುಡಿ ಅಂತ ಕಳಿಸೋ ಹಾಗೆ ಮಾಡಬೇಡ. ಕೈ ಮುಗೀತೀನಿ ಕಣೇ.”

ತಾಯಿ ಮಗಳಿಗೆ ಕೈ ಮುಗಿಯುವುದನ್ನು ನೋಡುವ ಗತಿ ಯಾರಿಗೂ ಬರಬಾರದು. ಅಕ್ಕ ಆ ಎರಡೂ ಕೈಗಳನ್ನು ಬಿಡಿಸಿ ಮೇಜಿನ ಮೇಲೆ ಇಟ್ಟಳು. “ಹೂಂ,” ಎಂದಳು. ಹೂಂ ಎಂದೇ ಹೊರಗೆ ಬಂದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಪಾದ್ರಿಗಳು ಬಂದರು. ಜೊತೆಗೆ ಸಮಿತಿಯವರು ಇಬ್ಬರು: ನಿವೃತ್ತ ಮೇಷ್ಟರೊಬ್ಬರು, ಊರುಗೋಲು ಹಿಡಿದ ಒಬ್ಬ ಹಿರಿಯ ಹೆಂಗಸು. ‘ಇದು ಯಾವಾಗಿಂದ?’ ಎಂದು ಕೇಳಿದ ಹಿರಿಯಮ್ಮ ಇವರೇ ಎಂದು ಕನ್ನಡಕದ ದಪ್ಪ ನೋಡಿದರೆ ಗೊತ್ತಾಗುತ್ತಿತ್ತು. ಯಜಮಾನರು ಕುರ್ಚಿ ಹಾಕಿಸಿ, ಬೆವರು ಒರೆಸಿಕೊಂಡು, ಗುಮ್ಮಣ್ಣನನ್ನು ಮುಂದಕ್ಕೆ ತಳ್ಳಿದರು.

“ಇವನದ್ದೇ ತಪ್ಪು. ಹೇಳೋ.”

ಗುಮ್ಮಣ್ಣ ಬಾಯಿ ತೆರೆದ. ವರ್ಷಕ್ಕೊಮ್ಮೆ ಬಾಯಿ ತೆರೆಯುವವನು ಸುಳ್ಳಿಗಾಗಿ ತೆರೆಯುತ್ತಿದ್ದಾನಲ್ಲ ಎಂದು ಅಕ್ಕನಿಗೆ ಸಹಿಸಲಾಗಲಿಲ್ಲ. ಅವಳು ಪ್ರೂಫ್ ಹಾಳೆಯನ್ನು ಮೇಜಿನ ಮೇಲೆ ಹರಡಿದಳು.

“ಅವನದ್ದಲ್ಲ. ಅವನು ಸರಿಯಾಗೇ ಕೂಡಿಸಿದ್ದ. ಈ ಕೆಂಪು ಅಕ್ಷರ ನನ್ನದು.”

ಪಾದ್ರಿಗಳು ಬಗ್ಗಿ ನೋಡಿದರು. “ನೀವಾ? ಹದಿನೈದು ವರ್ಷದಿಂದ ನಿಮ್ಮ ಕೆಲಸ ನೋಡಿದ್ದೀನಿ. ಯಾಕೆ ಹೀಗೆ?”

“ಅಭ್ಯಾಸದ ಮಾತು, ಫಾದರ್. ಕೈ ತಪ್ಪಿತು.”

ಅರ್ಧ ಸತ್ಯ ಎಷ್ಟು ಸುಲಭವಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಮೇಷ್ಟರು ತಲೆ ಆಡಿಸಿದರು. ಯಜಮಾನರಿಗೆ ಹೋದ ಜೀವ ಬಂತು. ಹಾಳೆ ಕತ್ತರಿಸುತ್ತೇವೆ, ಹೊಸದು ಅಂಟಿಸುತ್ತೇವೆ, ಅಂಟಿಸಿದ ಗುರುತೂ ಸಿಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳತೊಡಗಿದರು. ಪಾದ್ರಿಗಳೂ ಎದ್ದರು. ಎದ್ದವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ನಿಂತರು.

“ಇದೊಂದೇ ತಾನೇ?” ಎಂದು ಕೇಳಿದರು.

ಅಷ್ಟೇ ಪ್ರಶ್ನೆ. ಹೂಂ ಎಂದರೆ ಮುಗಿಯಿತು. ಗಾಜಿನ ತಡಿಕೆಯಾಚೆ ಅಮ್ಮನ ನೆರಳು ನೆಟ್ಟಗೆ ಕೂತದ್ದು ಕಾಣುತ್ತಿತ್ತು. ಕಣ್ಣು ಹೋದವರ ಕಿವಿ ಇನ್ನೂ ಚುರುಕು, ಇಲ್ಲಿನ ಒಂದೊಂದು ಮಾತೂ ಅಲ್ಲಿಗೆ ಮುಟ್ಟುತ್ತಿತ್ತು. ಈಚೆ ಆ ಹಿರಿಯಮ್ಮ ಅಚ್ಚಾದ ಹಾಳೆಯನ್ನು ಮೂಗಿಗೆ ಹಿಡಿದು ಮುಂದಿನ ಸಾಲುಗಳನ್ನು ಅಕ್ಷರ ಕೂಡಿಸಿ ಓದುತ್ತ ಕೂತಿದ್ದರು. ಅವರಿಗೆ ಈ ಪುಸ್ತಕ ಬಿಟ್ಟು ಇನ್ನೊಂದು ಓದಲು ಆಗುವುದಿಲ್ಲ. ಇದರಲ್ಲಿ ಏನಿದೆಯೋ ಅದೇ ಅವರಿಗೆ ಗ್ರಂಥ. ಇನ್ನೊಂದು ನಿಮಿಷಕ್ಕೆ ಅವರ ಬೆರಳು ಕೊಟ್ಟಿಗೆಗೆ ಮುಟ್ಟುತ್ತದೆ.

“ಅಲ್ಲ,” ಎಂದಳು ಅಕ್ಕ. “ಇದೊಂದೇ ಅಲ್ಲ. ಈ ಪುಟದಲ್ಲೇ ಇನ್ನೊಂದಿದೆ. ಮುಂದೆ ಎಷ್ಟಿದೆ ಅಂತ ನನಗೆ ಗೊತ್ತಿಲ್ಲ. ನಾನು ಅಮ್ಮನ ಬಾಯಿ ನಂಬಿ ತಿದ್ದಿದ್ದು. ಅಮ್ಮ ನೋಡಿ ಓದ್ತಿರ್ಲಿಲ್ಲ. ಬಾಯಿಪಾಠ ಹೇಳ್ತಿದ್ದಳು. ಅವಳಿಗೆ... ಒಂದು ವರ್ಷದಿಂದ ಕಣ್ಣು ಕಾಣಲ್ಲ.”

ತಡಿಕೆಯಾಚೆ ಕುರ್ಚಿ ಸರಿದ ಸದ್ದಾಯಿತು. ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಅಮ್ಮ ಹೊರಗೆ ಬಂದಳು. ಗುಮ್ಮಣ್ಣ ಓಡಿಹೋಗಿ ಕೈ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ.

“ಅಮ್ಮ, ಏನಿದು?” ಯಜಮಾನರ ದನಿಯಲ್ಲಿ ಕೋಪಕ್ಕಿಂತ ಹೆಚ್ಚು ನೋವಿತ್ತು. “ನಿಮ್ಮ ಬಾಯೇ ಮೂಲ ಅಂತ ನಂಬಿ ಕೂತಿದ್ವಲ್ಲ. ಹೀಗಾದ್ರೆ ಹೇಗೆ? ಇನ್ನು... ಇನ್ನು ನೀವು ಮನೇಲಿ ಇರೋದೇ ಸರಿ.”

“ಹೋಗ್ತೀನಿ,” ಎಂದಳು ಅಮ್ಮ. ಮಗಳಿದ್ದ ಕಡೆಗೆ ಮುಖ ತಿರುಗಿಸಲಿಲ್ಲ. “ಹೋಗೋ ಮೊದಲು ಆ ಹಾಳೆ ಕೊಡಿ. ನಾನು ಏನು ಮಾಡಿದ್ದೀನಿ ಅಂತ ನೋಡಬೇಕು.”

ಹಿರಿಯಮ್ಮ ತಮ್ಮ ಕೈಯಲ್ಲಿದ್ದ ಹಾಳೆ ಚಾಚಿದರು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಮೂಗಿಗೆ ತಾಗಿಸಿ, ತಲೆಯನ್ನು ಪೂರ್ತಿ ಒಂದು ಪಕ್ಕಕ್ಕೆ ವಾಲಿಸಿ, ಯಾರ ಮೇಲೋ ಮುನಿಸಿಕೊಂಡವಳ ಹಾಗೆ ಓರೆಗಣ್ಣಿನಿಂದ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಬಾಯಿ ಮೆಲ್ಲಗೆ ಅಲುಗಿತು.

“ಮೂ... ಡ... ಣ... ನಾ... ಡಿ...”

ಅದು ಓದೋ ಅಮ್ಮನ ದನಿಯಲ್ಲ. ಒಂದನೇ ತರಗತಿಯ ಮಗುವಿನ ದನಿ. ಒಂದೊಂದು ಅಕ್ಷರಕ್ಕೂ ಅವಳು ಹಾಳೆಯನ್ನು ಒಂದಿಷ್ಟು ಸರಿಸುತ್ತಿದ್ದಳು. “ಮೂ... ವ... ರು.” ನಿಂತಳು. ಆ ಮೂರು ಅಕ್ಷರದ ಮೇಲೆ ಹೆಬ್ಬೆರಳು ಇಟ್ಟಳು. “ಇದು ನಾನು ಹಾಕಿದ್ದು. ಇದು ಗ್ರಂಥದ್ದಲ್ಲ.”

“ನಿಮಗೆ ಕಾಣುತ್ತಾ?” ಎಂದರು ಹಿರಿಯಮ್ಮ, ಊರುಗೋಲು ಊರಿ ಎದ್ದು.

“ಇದು ಕಾಣುತ್ತೆ,” ಎಂದಳು ಅಮ್ಮ. ಅವಳಿಗೇ ನಂಬಿಕೆ ಬಂದಿರಲಿಲ್ಲ. ಇಷ್ಟು ದಿನ ದೊಡ್ಡಕ್ಷರದ ಪುಟ ಮಗಳ ಮುಂದೆ ಇರುತ್ತಿತ್ತು, ಇರುವೆಸಾಲು ಅಮ್ಮನ ಮುಂದೆ. ಒಂದು ದಿನವೂ ಯಾರೂ ಅದಲುಬದಲು ಮಾಡಿ ನೋಡಿರಲಿಲ್ಲ.

“ಯಜಮಾನ್ರೇ,” ಎಂದರು ಹಿರಿಯಮ್ಮ, “ನಾನು ಈ ತಪ್ಪು ಹಿಡಿದದ್ದು ಹೇಗೆ ಗೊತ್ತಾ? ಕಣ್ಣು ಚೆನ್ನಾಗಿರೋರು ನಾಲ್ಕು ಪದ ಒಟ್ಟಿಗೆ ನುಂಗ್ತಾರೆ. ನಮ್ಮಂಥೋರು ಒಂದೊಂದೇ ಅಕ್ಷರ ಅಗಿದು ತಿನ್ನಬೇಕು. ಕಲ್ಲಿದ್ರೆ ಸಿಗುತ್ತೆ.”

“ಹಾಗಾದ್ರೆ ಹೊಸ ಪುಟ ಇವರೇ ನೋಡ್ಲಿ,” ಎಂದರು ಪಾದ್ರಿಗಳು. ಯಜಮಾನರು ತಲೆ ಅಡ್ಡಡ್ಡ ಆಡಿಸಿದರು, ಆಗುವ ಮಾತಲ್ಲ ಎಂದರು, ಇಷ್ಟು ನಿಧಾನ ಓದಿದರೆ ಮೆಷಿನ್‌ಗೆ ತುಕ್ಕು ಹಿಡಿಯುತ್ತದೆ ಎಂದರು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಮೊದಲ ಪುಟದಿಂದ ಮತ್ತೆ ಓದಬೇಕು, ಓದಿ ಮುಗಿಯುವವರೆಗೆ ಅಚ್ಚು ಇಲ್ಲ, ಒಂದು ವಾರ ನೋಡುವುದು. ಮೂಲಪ್ರತಿ ಮಗಳ ಕೈಗೆ, ಹೊಸ ಪುಟ ತಾಯಿಯ ಕೈಗೆ.

ಆ ವಾರ ಅಮ್ಮ ಮನೆಯಲ್ಲಿ ಮಗಳೊಡನೆ ಒಂದು ಮಾತೂ ಆಡಲಿಲ್ಲ. ತಟ್ಟೆ ಇಟ್ಟರೆ ಉಂಡಳು, ಕೈ ಕೊಟ್ಟರೆ ಸರಿಸಿದಳು. ಮೊದಲ ದಿನ ಮಾತ್ರ, ಚಪ್ಪಲಿ ಬಿಡುತ್ತ, “ನಾಲ್ಕು ಜನರ ಮುಂದೆ ನನ್ನ ಕಣ್ಣು ಹರಾಜು ಹಾಕಿದೆ” ಎಂದಿದ್ದಳು. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತಾನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು, ಆ ಸರಿಯಿಂದ ಮುಳ್ಳು ಒಂದಿಷ್ಟೂ ಅಲುಗಲಿಲ್ಲ. ಅಚ್ಚುಕೂಟದಲ್ಲಿ ಅವಳು ಓದುತ್ತಿದ್ದಳು, ಅಮ್ಮ ತಲೆ ವಾಲಿಸಿ ಪುಟ ನೋಡುತ್ತಿದ್ದಳು. ಹೊಂದದ ಕಡೆ ಮಾತಿಲ್ಲದೆ ಬೆರಳಿಡುತ್ತಿದ್ದಳು. ಬೆರಳಿಟ್ಟ ಕಡೆ ಮಗಳು ಕೆಂಪು ಶಾಯಿ ಹಾಕುತ್ತಿದ್ದಳು. ಮೊದಲ ಇಪ್ಪತ್ತು ಪುಟಕ್ಕೆ ಏಳು ಬೆರಳು. ಯಜಮಾನರು ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು ಗಡಿಯಾರ ನೋಡಿ ಹೋಗುತ್ತಿದ್ದರು.

ಆರನೇ ದಿನ ಮಧ್ಯಾಹ್ನ ಇಪ್ಪತ್ತಮೂರನೇ ಪುಟ ಬಂತು. ಗುಮ್ಮಣ್ಣ ತಪ್ಪು ತಿದ್ದಿ ಹೊಸದಾಗಿ ತೆಗೆದ ಹಾಳೆ ಅಮ್ಮನ ಮುಂದಿಟ್ಟು, ಹೋಗದೆ ಬಾಗಿಲಲ್ಲೇ ನಿಂತ. ಅಕ್ಕ ಬೆಳಗಿನಿಂದ ಓದಿ ಓದಿ ದಣಿದಿದ್ದಳು. ಕಣ್ಣು ಸಾಲಿನ ಮೇಲಿತ್ತು, ಮನಸ್ಸು ಅಮ್ಮನ ಮುಚ್ಚಿದ ಬಾಯಿಯ ಮೇಲಿತ್ತು.

“ಆಗ ಮೂಡಣ ನಾಡಿನಿಂದ ಮೂವರು ಜೋಯಿಸರು...”

“ನಿಲ್ಲು,” ಎಂದಳು ಅಮ್ಮ.

ಅಕ್ಕ ಬೆಚ್ಚಿ ತಲೆ ಎತ್ತಿದಳು. ತನ್ನ ಬಾಯಿಂದ ಏನು ಬಂತು ಎಂದು ಆಗ ಹೊಳೆಯಿತು. ಮೂಲಪ್ರತಿ ಕಣ್ಣ ಮುಂದೆಯೇ ತೆರೆದಿತ್ತು, ನೆಟ್ಟಗೇ ಇತ್ತು.

ಅಮ್ಮ ಪುಟದ ಮೇಲೆ ಇನ್ನೊಮ್ಮೆ ಬಾಗಿ, ಒಂದೊಂದೇ ಅಕ್ಷರ ಸರಿಸಿ ನೋಡಿದಳು. ಆಮೇಲೆ ಕೈ ಚಾಚಿ, ಗಾಳಿಯಲ್ಲಿ ತಡಕಿ, ಮಗಳ ಮೊಣಕೈ ಹುಡುಕಿ ಹಿಡಿದಳು.

“ಇಲ್ಲಿ ಹಾಗಿಲ್ಲ ಕಣೇ. ಎಷ್ಟು ಜನ ಅಂತ ಬರೆದಿಲ್ಲ,” ಎಂದಳು. “ಸುಸ್ತಾಗಿದ್ದೀಯ. ನೀರು ಕುಡಿದು ಬಾ, ಮುಂದೆ ಓದೋಣ.”